ತಲೆ ಎಣಿಸುವ ವಿದ್ಯಾರ್ಥಿ

ವಿಶ್ವವಿದ್ಯಾಲಯದಲ್ಲಿ ಅಪರಾಧ ಮತ್ತು ನ್ಯಾಯದ ಪಾಠ ನಡೆಯುವ ಕೋಣೆಯ ಮೊದಲ ಬೆಂಚು ಅರವತ್ತೊಂದು ವರ್ಷದ ವಾರ್ಡರ್ ತಾತನದು. ಮೂವತ್ತು ವರ್ಷ ಜೈಲಿನ ಕೋಣೆಗಳಿಗೆ ಬೀಗ ಹಾಕಿ ನಿವೃತ್ತರಾದವರು ಈಗ ಮೊಮ್ಮಕ್ಕಳ ವಯಸ್ಸಿನವರ ಜೊತೆ ನೋಟ್ಸ್ ಬರೆಯುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದಂತೆ, ನೌಕರಿಯ ಗುಣ ಪಿಂಚಣಿ ಬಂದರೂ ಹೋಗದು. ಮೇಷ್ಟ್ರು ಹಾಜರಿ ಪುಸ್ತಕ ತೆರೆಯುವ ಮೊದಲೇ ತಾತ ಹಿಂದಕ್ಕೆ ತಿರುಗಿ ತಲೆ ಎಣಿಸಿ, ಒಂದು ಕಡಿಮೆಯಾದರೆ "ಸಾರ್, ಒಬ್ಬ ತಪ್ಪಿಸ್ಕೊಂಡಿದಾನೆ!" ಎಂದು ಎದ್ದು ನಿಲ್ಲುತ್ತಾರೆ. ಗ್ರಂಥಾಲಯ ಮುಚ್ಚಿದ ಮೇಲೆ ಅದರ ಬೀಗವನ್ನು ಮೂರು ಸಲ ಜಗ್ಗಿ ನೋಡದೆ ಮನೆಗೆ ಹೊರಡುವುದಿಲ್ಲ. ಮನೆಯಲ್ಲಿ ಹೆಂಡತಿ, "ನನ್ನೊಬ್ಬಳನ್ನೂ ಎಣಿಸ್ಬಿಡಿ, ಲೆಕ್ಕ ಸರಿಹೋದ್ರೆ ಊಟಕ್ಕೆ ಬಡಿಸ್ತೀನಿ" ಎಂದು ರೇಗಿಸುತ್ತಾರೆ. ಎಲ್ಲ ಪಾಠಕ್ಕೂ ತೂಕಡಿಸುವ ತಾತ ಜಾಮೀನಿನ ಪಾಠ ಬಂದರೆ ಮಾತ್ರ ಎತ್ತಿದ ಕೈ ಇಳಿಸುವುದಿಲ್ಲ. "ಇಷ್ಟೆಲ್ಲ ಪರೀಕ್ಷೆಗೆ ಬರಲ್ಲ ತಾತ" ಎಂದು ಪಕ್ಕದ ಹುಡುಗಿ ಒಮ್ಮೆ ಗೊಣಗಿದಳು. "ಒಳಗಿದ್ದೋರು ಕಂಬಿ ಹಿಡ್ಕೊಂಡು 'ಅಣ್ಣಾ, ನನ್ ಕೇಸು ಏನಾಯ್ತು' ಅಂತ ಕೇಳೋರು ಕಣಮ್ಮಾ. 'ನಂಗೇನ್ ಗೊತ್ತು, ಸುಮ್ನೆ ಮಲ್ಕೋ' ಅಂತಿದ್ದೆ" ಎಂದು ತಾತ ಪೆನ್ನಿನ ಮುಚ್ಚಳ ತಿರುಗಿಸಿದರು. ಭಾನುವಾರ ಅದೇ ಜೈಲಿನ ಮುಂದೆ, ಹಳೆಯ ಸಹೋದ್ಯೋಗಿಗಳು ನೇರ ಒಳಗೆ ಕರೆದರೂ ಹೋಗದೆ, ಕೈದಿಗಳನ್ನು ನೋಡಲು ಬಂದ ಬಂಧುಗಳ ಸಾಲಿನಲ್ಲಿ ನಿಲ್ಲುತ್ತಾರೆ. ಎಂಟು ವರ್ಷದಿಂದ ತೀರ್ಪಿಗೆ ಕಾಯುತ್ತಿರುವ, ನೋಡಲು ಯಾರೂ ಬಾರದ ಒಬ್ಬಾತ ಜಾಲರಿಯ ಆಚೆ ಬಂದು ಕೂತಾಗ ತಾತ ನೋಟ್ಸ್ ಬಿಡಿಸಿ, ಕನ್ನಡಕ ಏರಿಸಿ, "ಈಗ ಕೇಳಪ್ಪಾ" ಎನ್ನುತ್ತಾರೆ.