ಊಹೆ ಮಾಡದಂತೆ ಬರೆದವಳು

ಲುಗಾಂಗ್ ಎಂಬ ಊರಿನ ಹಳೇ ಬೀದಿಯಲ್ಲಿ ಶ್ಯಾವಿಗೆ ಗಂಜಿಯವನು ಈಗಷ್ಟೇ ಒಲೆ ಹಚ್ಚುತ್ತಿದ್ದಾನೆ. ಶಿ ಮೇಷ್ಟ್ರ ಕಸೂತಿ ಅಂಗಡಿಯ ಹಿಂಬದಿಯಲ್ಲಿ ಚ್ಯೆನ್ ಸು-ಯುನ್ ನೆಲದ ಮೇಲೆ ಕೂತು, ಕಡ್ಡಿಗೆ ಸುತ್ತಿದ ಹತ್ತಿಯಿಂದ ಫ್ಲಾಪಿ ಡ್ರೈವ್‌ನ ಒಳಗಿನ ಧೂಳು ಒರೆಸುತ್ತಿದ್ದಾರೆ. ಕಣ್ಣಿಗೆ ಪೊರೆ ಬಂದಿದೆ, ಟಾರ್ಚು ಹಲ್ಲಲ್ಲಿ ಕಚ್ಚಿದ್ದಾರೆ. ಎದುರಿಗೆ, ಅವರ ಬಗ್ಗೆ ಬರೆಯಲು ಬಂದ ನಾನು. ಪಕ್ಕದಲ್ಲಿ ಫೋನು. ಇವತ್ತು ಅದರಲ್ಲಿ ಒಂದು ತೀರ್ಮಾನ ಬರಬೇಕಿದೆ.

ಈ ಬೀದಿಯ ಕಸೂತಿ ಯಂತ್ರಗಳು ಚಿತ್ತಾರ ಓದಲು ಇಂದಿಗೂ ಫ್ಲಾಪಿಯನ್ನೇ ನಂಬಿವೆ. ಹೊಸ ಯಂತ್ರ ಕೊಳ್ಳುವ ತಾಕತ್ತು ಯಾರಿಗಿದೆ? ಫ್ಲಾಪಿಯೋ ಪೆನ್ ಡ್ರೈವೋ ತೂರಿಸಿದರೆ ಅದು ಯಾವ ಬಾಗಿಲಿನಿಂದ ಒಳಗೆ ಬಂತು ಎಂದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ. ಹುಡುಕಿ ವಿಳಾಸ ಹೇಳಲು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ಪುಟ್ಟ ಫಂಕ್ಷನ್ ಇದೆ. ಎಲ್ಲರೂ ಬಳಸಲೆಂದು ಬಿಟ್ಟಿರುವ ಕೋಡಿನ ಲೈಬ್ರರಿಯೊಂದರಲ್ಲಿ ಅದು ಕೂತಿದೆ. ಬರೆದವರು ಸು-ಯುನ್. ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿದ್ದಾಗ ಬರೆದದ್ದು. ಕಾರ್ಖಾನೆ ಮುಚ್ಚಿತು, ಸಂಬಳ ನಿಂತಿತು, ಇವರು ಮಾತ್ರ ಅದನ್ನು ಸಾಕಿಕೊಂಡು ಬಂದರು. ಯಾವ ಯಾವ ದೇಶದ ಯಂತ್ರಗಳೋ ದಿನಕ್ಕೆ ಸಾವಿರಾರು ಬಾರಿ ಅದನ್ನು ಕರೆಯುತ್ತವೆ. ಬೀದಿಯವರಿಗೆ ಇವರು ‘ರಿಪೇರಿ ಹೆಂಗಸು’, ಅಷ್ಟೆ.

"ಮೊದಲು ಅದು ತುಂಬಾ ಚುರುಕಿತ್ತು," ಎನ್ನುತ್ತಾರೆ ಸು-ಯುನ್. "ಮೊದಲನೇ ಬಾಗಿಲಲ್ಲಿ ಏನಾದ್ರೂ ಸಿಕ್ತು ಅಂದ್ರೆ ಸಾಕು, ‘ಇಲ್ಲಿದೆ’ ಅಂತಿತ್ತು. ಎರಡನೇದರ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಅದನ್ನೇ ದೊಡ್ಡ ಜಾಣತನ ಅಂದ್ಕೊಂಡಿದ್ದೆ ನಾನು."

ಆ ಜಾಣತನ ಈ ಅಂಗಡಿಯಲ್ಲೇ ಮಣ್ಣುಪಾಲಾಯಿತು. ಹೊಸ ಮನೆಯ ಬಾಗಿಲಿಗೆ ಕಟ್ಟುವ ಕೆಂಪು ಬಟ್ಟೆಯ ಮೇಲೆ ಇಲ್ಲಿನ ಪುರಾಣದ ಎಂಟು ಮಂದಿ ಚಿರಂಜೀವಿಗಳು ಇರಲೇಬೇಕು. ಶಿ ಮೇಷ್ಟ್ರ ಅಂಗಡಿಯಲ್ಲಿ ಅವರ ಮುಖಗಳನ್ನು ಬರೆದವರು ಹೆಂಡತಿ ಆ-ಯಿನ್. ಒಬ್ಬೊಬ್ಬರಿಗೆ ಒಂದೊಂದು ಫ್ಲಾಪಿ. ಆಕೆ ತೀರಿಕೊಂಡ ವರ್ಷದ ಏಳನೇ ತಿಂಗಳು, ಸತ್ತವರು ಮನೆಗೆ ಬರುವ ಕಾಲ. ಊಟದ ಮೇಜಿನಲ್ಲಿ ಅವಳಿಗೊಂದು ಬಟ್ಟಲು ಇಟ್ಟ ಹಾಗೆ, ಮೇಷ್ಟ್ರು ಅವಳು ಬರೆದ ಒಂದು ಫ್ಲಾಪಿಯನ್ನು ಮೊದಲನೇ ಡ್ರೈವ್‌ನಲ್ಲಿ ಇಟ್ಟರು. ಬಂದವಳಿಗೆ ತನ್ನ ಜಾಗ ಖಾಲಿ ಕಾಣಬಾರದಲ್ಲ. ಆಮೇಲೆ ಎಂದಿನಂತೆ ಎರಡನೆಯದಕ್ಕೆ, ಮತ್ತೆ ಬಳಸಲೆಂದು, ಹಳೇ ಫ್ಲಾಪಿ ಹಾಕಿ ‘ಅಳಿಸು’ ಎಂದರು. ಸು-ಯುನ್ ಬರೆದ ಫಂಕ್ಷನ್ ಮೊದಲನೇ ಬಾಗಿಲು ತೋರಿಸಿತು. ತಾವರೆ ಹಿಡಿದ ಹ ಶ್ಯೆನ್‌ಗು, ಎಂಟು ಮಂದಿಯಲ್ಲಿ ಖಚಿತವಾಗಿ ಹೆಣ್ಣೆಂದು ಎಲ್ಲರೂ ಒಪ್ಪುವ ಒಬ್ಬಳೇ ಒಬ್ಬಳು, ಅಳಿಸಿಹೋದಳು.

ಈಗ ಆ ಮುಖವನ್ನು ಮೇಷ್ಟ್ರು ಕೈಯಲ್ಲೇ ಹೊಲಿಯುತ್ತಾರೆ. ಕೊಳ್ಳುವವರು ಆಡಿಕೊಳ್ಳುತ್ತಾರೆ.

"ಶ್ಯೆನ್‌ಗು ಯಾಕೆ ಮುಖ ಗಂಟುಹಾಕಿದಾಳೆ ಅಂತಾರೆ," ಮೇಷ್ಟ್ರು ಸೂಜಿಯಿಂದ ತಲೆ ಎತ್ತದೆ ಹೇಳುತ್ತಾರೆ. "ನಾನು ಹೊಲಿದ್ರೆ ನನ್ನ ಹಾಗೇ ಸಿಡುಕಿ ಆಗ್ತಾಳೆ, ಇನ್ನೇನು. ಆ-ಯಿನ್ ಬರೆದಿದ್ದು ನಗ್ತಿತ್ತು."

ಸುದ್ದಿ ತಿಳಿದ ದಿನ ಸು-ಯುನ್ ಅಂಗಡಿಗೆ ಓಡಿಬಂದಿದ್ದರು. ಮೇಷ್ಟ್ರು ಬಾಗಿಲು ತೆಗೆಯಲಿಲ್ಲ. ಸು-ಯುನ್ ಮನೆಗೆ ಹೋಗಿ ಫಂಕ್ಷನ್‌ಗೆ ನಾಲ್ಕು ಸಾಲು ಸೇರಿಸಿದರು. ಎರಡು ಕಡೆ ಫ್ಲಾಪಿ ಇದ್ದರೆ ಊಹೆ ಮಾಡಬಾರದು, ಯಾವುದೆಂದು ಕೇಳಿ ನಿಲ್ಲಬೇಕು. "ಗೊತ್ತಿಲ್ಲ ಅನ್ನೋದಕ್ಕೆ ನಾಚಿಕೆ ಪಡಬೇಡ ಅಂತ ಅದಕ್ಕೆ ಕಲಿಸಿದೆ," ಎನ್ನುತ್ತಾರೆ. ಮೇಷ್ಟ್ರು ಅವರನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಲು ವರ್ಷಗಳೇ ಹಿಡಿದವು. ಬಿಟ್ಟುಕೊಂಡರೂ ಆ-ಯಿನ್‌ಳ ಯಾವ ವಸ್ತುವನ್ನೂ ಮುಟ್ಟಗೊಡಲಿಲ್ಲ.

ಈಗ ಆ ನಾಲ್ಕು ಸಾಲಿಗೇ ಸಂಚಕಾರ. ಲೈಬ್ರರಿಯನ್ನು ಹೊಸಬರು ವಹಿಸಿಕೊಂಡಿದ್ದಾರೆ. ಸುಮ್ಮನೆ ಪ್ರಶ್ನೆ ಕೇಳಿ ಜನರ ತಲೆ ತಿನ್ನುತ್ತದೆ, ಈ ಕಾಲದಲ್ಲಿ ಎರಡು ಡ್ರೈವ್ ಯಾರ ಬಳಿ ಇದೆ ಎಂಬುದು ಅವರ ವಾದ. ಸು-ಯುನ್ ತಮ್ಮ ಹರಕು ಮುರುಕು ಇಂಗ್ಲಿಷಿನಲ್ಲಿ ಉದ್ದುದ್ದ ಪತ್ರ ಬರೆದರು. ಯಾರೋ ಒಬ್ಬ ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾದ. ನನಗೆ ಮೈಯೆಲ್ಲ ಉರಿದುಹೋಯಿತು. ಅವರಿಗೆ ಸಿಟ್ಟೂ ಬರಲಿಲ್ಲ.

ಫೋನು ಗುಂಯ್‌ಗುಡುತ್ತದೆ. ಸು-ಯುನ್ ಟಾರ್ಚು ಕೆಳಗಿಟ್ಟು, ಪರದೆಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಾರೆ. ಬಹಳ ಹೊತ್ತು ಓದುತ್ತಾರೆ.

"ಏನಂತೆ ತಾಯಿ?" ಮೇಷ್ಟ್ರು ಕೇಳುತ್ತಾರೆ.

"ತೆಗೆದುಹಾಕಿದ್ರಂತೆ, ಮೇಷ್ಟ್ರೇ. ಇನ್ಮೇಲೆ ಮೊದಲು ಸಿಕ್ಕಿದ್ದನ್ನೇ ತೋರಿಸುತ್ತೆ."

"ಹಾಗಾದ್ರೆ ಇನ್ಯಾರ ಮನೇದೋ ಹೋಗುತ್ತೆ."

ಸು-ಯುನ್ ಫೋನು ಮಗುಚಿಟ್ಟು ಟಾರ್ಚು ಕೈಗೆತ್ತಿಕೊಳ್ಳುತ್ತಾರೆ. ಹೊರಗೆ ಗಂಜಿಯವನು ಗಿರಾಕಿಯ ಜತೆ ಜಗಳ ತೆಗೆದಿದ್ದಾನೆ. ಆಮೇಲೆ ಅವರು, ಯಾರಿಗೆ ಎಂದಿಲ್ಲದೆ, "ಈ ಬೀದಿಯ ಯಂತ್ರಗಳಲ್ಲಿ ಹಳೇದೇ ಇರುತ್ತೆ. ನನ್ನ ಕಣ್ಣು ಇರೋವರೆಗೂ ನಾನು ಬಂದು ನೋಡ್ಕೋತೀನಿ. ಅಷ್ಟೇ ನನ್ನ ಕೈಲಾಗೋದು," ಎನ್ನುತ್ತಾರೆ.

ಮೇಷ್ಟ್ರು ಸೂಜಿ ಚುಚ್ಚಿಟ್ಟು ಒಳಗೆ ಹೋಗುತ್ತಾರೆ. ಬರುವಾಗ ಕೈಯಲ್ಲೊಂದು ಬಿಸ್ಕತ್ತಿನ ಡಬ್ಬಿ. ಆ-ಯಿನ್ ಬರೆದ ಉಳಿದ ಏಳು ಮಂದಿ ಅದರಲ್ಲಿದ್ದಾರೆ. ಡಬ್ಬಿಯನ್ನು ಅವರು ಸು-ಯುನ್‌ರ ಮಡಿಲಿನಲ್ಲಿ ಇಡುತ್ತಾರೆ.

"ಇವರದ್ದೊಂದು ನಕಲು ಮಾಡ್ಕೊಡು. ನಿನ್ನ ಕಣ್ಣು ಹೋಗೋಕೆ ಮುಂಚೆ."

ಸು-ಯುನ್ ಅಂಗಿಗೇ ಎರಡು ಸಲ ಕೈ ಒರೆಸಿಕೊಳ್ಳುತ್ತಾರೆ. ಆ-ಯಿನ್‌ಳ ಒಂದು ಫ್ಲಾಪಿಯನ್ನು ಮೊದಲನೇ ಡ್ರೈವ್‌ಗೆ, ನಕಲಿಗೆ ಜಾಗವಾಗಲೆಂದು ಅಳಿಸಬೇಕಾದ ಹಳೆಯದನ್ನು ಎರಡನೆಯದಕ್ಕೆ ತಳ್ಳುತ್ತಾರೆ. ‘ಅಳಿಸು’ ಎಂದು ಆಜ್ಞೆ ಕೊಡುತ್ತಾರೆ. ಕಂಪ್ಯೂಟರ್ ಗೊರಗೊರ ಎಂದು, ನಿಂತು, ಯಾವುದು ಎಂದು ಕೇಳುತ್ತದೆ. ಸು-ಯುನ್ ಕೀಲಿಮಣೆಯನ್ನು ಮೇಷ್ಟ್ರ ಕಡೆ ತಿರುಗಿಸುತ್ತಾರೆ.

"ನೋಡಿ," ಎನ್ನುತ್ತಾರೆ, "ಕೇಳ್ತು."