ಪಾವಣೆ ಎಂಟು ಇಂಚು

ಇವತ್ತು ಬೆಳಿಗ್ಗೆ ಮೀನಿನ ತೊಟ್ಟಿಯ ಕೆಳಗಿನ ಕಪಾಟು ತೆರೆದು, ನೊರೆಡಬ್ಬಿಯ ಬಟ್ಟಲು ತೊಳೆಯಲು ಎತ್ತಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಹಸಿ ಮೀನು, ಕೆಟ್ಟ ಉಪ್ಪಿನಕಾಯಿ, ಎರಡು ದಿನ ಒಣಗದ ಕಾಲುಚೀಲ, ಮೂರೂ ಸೇರಿದರೆ ಅದರ ಹತ್ತಿರ ಬರಬಹುದು. ನಿಮಗೆ ಈ ವಾಸನೆ ಗೊತ್ತಿಲ್ಲದಿದ್ದರೆ ನೀವೇ ಸುಖಿಗಳು. ಅದು ಬಂದಾಗಲೆಲ್ಲ ನನಗೆ ಖಾನಾಪುರದ ಪರಶುರಾಮ ನೆನಪಾಗುತ್ತಾರೆ, ನನ್ನ ಮೇಲೆ ನನಗೇ ನಾಚಿಕೆಯಾಗುತ್ತದೆ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ನನಗೆ ಸಂಶಯ ಜಾಸ್ತಿ. ಹಾಲಿನವರು ಹೋದ ಮೇಲೆ ಒಂದು ಹನಿ ಹಾಲನ್ನು ಉಗುರಿನ ಮೇಲೆ ಬಿಟ್ಟು ಅದು ಎಷ್ಟು ಬೇಗ ಜಾರುತ್ತದೆಂದು ನೋಡುತ್ತೇನೆ. ವೈದ್ಯರು ಎರಡು ಗುಳಿಗೆ ಬರೆದರೆ ಎರಡನೆಯದು ಯಾಕೆಂದು ಔಷಧಿ ಅಂಗಡಿಯಲ್ಲಿ ವಿಚಾರಿಸುತ್ತೇನೆ. "ದೇವರೇ ಬಂದು ವರ ಕೊಟ್ಟರೂ ನೀವು ರಸೀದಿ ಕೇಳ್ತೀರಿ" ಎನ್ನುತ್ತಾಳೆ ನನ್ನ ಹೆಂಡತಿ. ಕೇಳಿದರೆ ತಪ್ಪೇನು ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತೇನೆ. ನಾವು ದಾವಣಗೆರೆ ಕಡೆಯವರು. ನೌಕರಿಗೆಂದು ಬೆಳಗಾವಿಗೆ ಬಂದು ಟಿಳಕವಾಡಿಯಲ್ಲೇ ಉಳಿದುಬಿಟ್ಟೆವು.

ನಾನು ನಿವೃತ್ತನಾದ ವರ್ಷ ಇವಳು ಸಮುದ್ರದ ಮೀನು ಸಾಕುತ್ತೇನೆಂದು ಹಠ ಹಿಡಿದಳು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು ಬಂದವು. ಉಪ್ಪುನೀರಿನ ಮೀನೆಂದರೆ ತೊಟ್ಟಿಯೊಂದೇ ಸಾಲದು, ಅದರ ಅಡಿಯಲ್ಲಿ ಸಂಪ್ ಎಂಬ ಇನ್ನೊಂದು ಗಾಜಿನ ಪೆಟ್ಟಿಗೆ ಬೇಕು. ಮೇಲಿನ ನೀರು ಅದಕ್ಕಿಳಿದು, ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಶುದ್ಧ ಮಾಡಲು ಅದರೊಳಗೆ ಪ್ರೋಟೀನ್ ಸ್ಕಿಮ್ಮರ್ ಕೂರಿಸಬೇಕು. ಅದು ನೀರಿಗೆ ಗಾಳಿ ಬೆರೆಸಿ ನೊರೆ ಎಬ್ಬಿಸುತ್ತದೆ, ಹೊಲಸೆಲ್ಲ ನೊರೆಗೆ ಅಂಟಿ ಮೇಲಿನ ಬಟ್ಟಲಿಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ನೊರೆಡಬ್ಬಿ ಎಂದೇ ಹೆಸರಾಯಿತು. ಆದರೆ ನಮ್ಮ ಕಪಾಟು ಚಿಕ್ಕದು, ಸಂಪು ಇನ್ನೂ ಚಿಕ್ಕದು, ಅದರ ನಡುವಿನ ಖಾನೆಯಂತೂ ಕೈ ಹಾಕಿದರೆ ಬಳೆ ಒಡೆಯುವಷ್ಟು ಇಕ್ಕಟ್ಟು.

ಅಳತೆ ನೋಡಲು ಮೀನಿನ ಅಂಗಡಿಯವರು ಪರಶುರಾಮರನ್ನು ಕಳಿಸಿದರು. ವಾರವೆಲ್ಲ ಅವರು ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದರು, ಭಾನುವಾರ ಮಾತ್ರ ಈ ಗಾಜಿನ ಕೆಲಸ. ಅಂಗಡಿಯವರ ಮಾತಿನ ಮೇಲೆ ಜನ ಅವರನ್ನು ಒಳಮನೆಯವರೆಗೂ ಬಿಡುತ್ತಿದ್ದರು. ಪರಶುರಾಮ ಅರ್ಧ ಮೈಯನ್ನು ಕಪಾಟಿನೊಳಗೆ ತೂರಿಸಿ, ಒಳಗಿನಿಂದಲೇ ಕೂಗಿ ಹೇಳಿದರು:

"ಸರ, ನಡುವಿನ ಖಾನಿ ಪಾವಣೆ ಎಂಟ ಐತ್ರಿ. ಅದರಾಗ ಕುಂದ್ರೂವಂಥಾದ್ದ ತರಸ್ರಿ. ಬೇಕಂದ್ರ ಬಾಜೂದ ಗಾಜ ಅರ್ಧಾ ಇಂಚ ಸರಸೂಣು."

ಗಾಜು ಸರಿಸುವ ಮಾತು ಬಂದದ್ದೇ ತಡ, ನನ್ನ ಕಿವಿ ನಿಮಿರಿತು. ಇಲ್ಲದ ಕೆಲಸ ಹುಟ್ಟಿಸುವ ಉಪಾಯ ಇದು ಅಂದುಕೊಂಡೆ. ಗಾಜಿನ ತಂಟೆ ಬೇಡವೆಂದು ಹೇಳಿ, ಪುಸ್ತಕದಲ್ಲಿ ಎಂಟೂಕಾಲು ಎಂದು ಬರೆದುಕೊಂಡೆ. ನಮ್ಮ ಕಡೆ ಪಾವು ಅಂದರೆ ಕಾಲು ಸೇರು. ಪಾವಣೆ ಎಂಟು ಅಂದರೆ ಎಂಟರ ಮೇಲೊಂದು ಕಾಲು, ಇದರಲ್ಲಿ ಕೇಳುವುದೇನಿದೆ? ಎಂಟು ಇಂಚಿನ ಸ್ಕಿಮ್ಮರ್ ತರಿಸಿದೆ.

ಮುಂದಿನ ಭಾನುವಾರ ಅದು ಖಾನೆಯ ಬಾಯಲ್ಲೇ ಸಿಕ್ಕಿಕೊಂಡಿತು. ನಾನೇ ಟೇಪು ಹಿಡಿದೆ. ಏಳೂಮುಕ್ಕಾಲು!

"ನೋಡಿ, ಏಳೂಮುಕ್ಕಾಲು ಇದೆ. ನೀವು ಹೇಳಿದ್ದೇನು?" ಎಂದೆ.

"ಅದನ್ನ ಹೇಳೇನಲ್ರಿ ಸರ, ಪಾವಣೆ ಎಂಟ."

ಮುಖ ನೋಡಿಕೊಂಡೇ ಇಂಥ ಸುಳ್ಳು ಹೇಳುತ್ತಾರಲ್ಲ ಎಂದು ಮೈ ಉರಿಯಿತು. ಗಾಜಿನ ಕೆಲಸ ಗಿಟ್ಟಿಸಲು ಬೇಕೆಂದೇ ತಪ್ಪು ಹೇಳಿದ್ದೀರಿ ಎಂದುಬಿಟ್ಟೆ. ಅವರು ಟೇಪು ಸುತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದರು. ನಾನು ಅಷ್ಟಕ್ಕೇ ಬಿಡದೆ ಅಂಗಡಿಗೂ ಫೋನ್ ಮಾಡಿ, ಇಂಥವರನ್ನು ಮನೆಗಳಿಗೆ ಕಳಿಸಬೇಡಿ ಎಂದೆ. ಸ್ಕಿಮ್ಮರ್ ಅಟ್ಟ ಸೇರಿತು. ಹೆಂಡತಿ ದಿನಾ ಬಕೆಟ್ ಹಿಡಿದು ನೀರು ಬದಲಿಸುತ್ತ ನನ್ನ ಜೊತೆ ಮಾತು ಕಮ್ಮಿ ಮಾಡಿದಳು.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ನಂದಗಡದಲ್ಲಿ ಗೆಳೆಯರೊಬ್ಬರ ಗೃಹಪ್ರವೇಶ. ಖಾನಾಪುರದ ಬಸ್ ನಿಲ್ದಾಣದಲ್ಲಿ ಬಸ್ಸು ಎಷ್ಟಕ್ಕೆಂದು ಅವರೆಕಾಯಿ ಮಾರುವ ಅಜ್ಜಿಯನ್ನು ಕೇಳಿದೆ. "ಪಾವಣೆ ಹನ್ನೊಂದಕ್ಕ ಐತ್ರಿ" ಎಂದಳು. ಸಾವಕಾಶ ಚಹಾ ಕುಡಿದು ಹನ್ನೊಂದೂ ಹತ್ತಕ್ಕೆ ಬಂದರೆ ಬಸ್ಸು ಹೋಗಿಯಾಗಿತ್ತು. ಈಕೆಗೂ ಹೊರಗೆ ಗಿರಾಕಿ ಕಾಯುವ ಟೆಂಪೊದವರಿಗೂ ಏನೋ ಒಳಒಪ್ಪಂದ ಇದೆಯೆಂದು ಜಗಳ ತೆಗೆದೆ. ಅಜ್ಜಿ ಸಿಟ್ಟಾಗಲಿಲ್ಲ, ನಗತೊಡಗಿದಳು.

"ಯಪ್ಪಾ, ಪಾವಣೆ ಅಂದ್ರ ಕಾಲ ಕಮ್ಮಿ! ಹೆಚ್ಚಿಗಿ ಇದ್ರ ಸವ್ವಾ ಅಂತೇವಿ. ಹತ್ತೂಮುಕ್ಕಾಲಕ್ಕ ಹೋತ ನಿನ್ನ ಗಾಡಿ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಾಲು ಕಮ್ಮಿ ಎಂಟು. ಪರಶುರಾಮ ಎರಡು ಸಲವೂ ಖರೆಯನ್ನೇ ಹೇಳಿದ್ದರು.

ನಂದಗಡದ ಊಟ ಬಿಟ್ಟು, ವಿಚಾರಿಸುತ್ತ ಪರಶುರಾಮರ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ಇದ್ದರು. ನನ್ನನ್ನು ನೋಡಿ ಮುಖ ಬಿಗಿಯಾಯಿತು, ಆದರೂ "ಬರ್ರಿ, ಕುಂದರ್ರಿ" ಎಂದರು. ನಡೆದದ್ದೆಲ್ಲ ಹೇಳಿದೆ. ಅವರೂ ನಗುತ್ತಾರೆಂದು ನನಗೊಂದು ಆಸೆ ಇತ್ತು. ನಗಲಿಲ್ಲ.

"ನಾಕ ತಿಂಗಳಾತ್ರಿ, ಐತವಾರ ಮನ್ಯಾಗ ಕುಂತೇನಿ. ಯಾರೂ ಕರ್ಯಂಗಿಲ್ಲ. ನನಗ ಹೇಳಿದ್ದ ಆತು ಸರ, ಅಂಗಡ್ಯಾಗ ಹೇಳ್ರಿ. ಮಂದಿ ಮುಂದ ಹೇಳ್ರಿ."

ಮರುದಿನ ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲೇ ಹೋಗಿ ಹೇಳಿದೆ. ಅಂಗಡಿಯವರು ಬಿದ್ದು ಬಿದ್ದು ನಕ್ಕರು, ನನ್ನ ಕಿವಿ ಕೆಂಪಾದವು. ಪರಶುರಾಮರಿಗೆ ಕೆಲಸ ಮತ್ತೆ ಶುರುವಾಯಿತು. ನಮ್ಮ ಮನೆಗೂ ಬಂದು ಆ ಗಾಜನ್ನು ಅರ್ಧ ಇಂಚು ಸರಿಸಿದರು. ಸ್ಕಿಮ್ಮರ್ ತಣ್ಣಗೆ ಕೂತಿತು, ಇವಳ ಬಕೆಟ್ ಬಚ್ಚಲಿಗೆ ಮರಳಿತು. ಆದರೆ ಅಂದು ಪರಶುರಾಮ ಅಳತೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ಕಾಗದದ ಮೇಲೆ ಅಂಕಿಯಲ್ಲಿ ಬರೆದು, ನನ್ನ ಕೈಲಿ ಓದಿಸಿ, ಕೆಳಗೆ ಸಹಿ ಹಾಕಿಸಿಕೊಂಡರು. ಎಲ್ಲ ಮನೆಗಳಲ್ಲೂ ಹೀಗೇ ಮಾಡುತ್ತಾರಾ ಎಂದು ಅಂಗಡಿಯವರನ್ನು ಕೇಳಿದೆ.

"ಇಲ್ರೀ, ಉಳದ ಕಡೆ ಎಲ್ಲಾ ಬಾಯಿಲೇ ಹೇಳ್ತಾನ" ಎಂದರು.

ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ವರ್ಷಗಳಾದವು, ಅವರು ಬರುತ್ತಾರೆ, ಚಹಾ ಕುಡಿಯುತ್ತಾರೆ, ಇವಳ ಹತ್ತಿರ ಮೀನಿನ ಯೋಗಕ್ಷೇಮ ಕೇಳುತ್ತಾರೆ. ಕಾಗದ ಮಾತ್ರ ತಪ್ಪಿಲ್ಲ.

ಇವತ್ತು ಬಟ್ಟಲು ತೊಳೆಯುವಾಗ ಸ್ಕಿಮ್ಮರಿನ ಮೈ ಬಿರಿದದ್ದು ಕಂಡಿತು. ಹೊಸದು ತರಿಸಬೇಕೆಂದು ಪರಶುರಾಮರಿಗೆ ಫೋನ್ ಮಾಡಿದೆ, ಭಾನುವಾರವಾದ್ದರಿಂದ ಮಧ್ಯಾಹ್ನವೇ ಬಂದರು. ಕಪಾಟಿನೊಳಗೆ ತೂರಿ, ಅಳೆದು, ಮಾತಿಲ್ಲದೆ ಬರೆದು ಮುಂದೆ ಹಿಡಿದರು. ಈ ಸಲ ನಾನು ಕಾಗದವನ್ನು ನೋಡಲೇ ಇಲ್ಲ, ಕಣ್ಣು ಮುಚ್ಚಿದಂತೆ ಸಹಿ ಮಾಡಿ ಕೊಟ್ಟೆ. ಏನೋ ದೊಡ್ಡದು ಮಾಡಿದೆನೆಂಬ ಹೆಮ್ಮೆಯೂ ಇತ್ತು ಅನ್ನಿ. ಪರಶುರಾಮ ಅದನ್ನು ತೆಗೆದುಕೊಳ್ಳಲಿಲ್ಲ.

"ಓದಿ ಮಾಡ್ರಿ ಸರ" ಎಂದರು.

ಕನ್ನಡಕ ಹಾಕಿಕೊಂಡು ಓದಿದೆ. ಕೆಳಗೆ ಇನ್ನೊಮ್ಮೆ ಸಹಿ ಮಾಡಿದೆ.