ಕೆಳಗಿನ ಹುಲ್ಲಿನವರಿಗೂ ಸಲಾಮು

ನ್ಯೂಜೆರ್ಸಿಯ ರೇಷ್ಮೆ ಮಿಲ್ಲುಗಳ ಊರಿನ ಆ ಹಳೆಯ ಸ್ಮಶಾನದಲ್ಲಿ ಭಾನುವಾರದ ಟೂರ್ ಮಾಡಿಸುತ್ತಿದ್ದವರು ನಮ್ಮ ಮೈಸೂರಿನ ಆಂಟಿ. ಗೇಟಿನಲ್ಲಿ ಮೊದಲು ದುಪಟ್ಟಾ ತಲೆಗೆಳೆದುಕೊಂಡು, ಒಳಗೆ ಮಲಗಿದವರಿಗೆಲ್ಲ ಸಲಾಮು ಹೇಳುತ್ತಿದ್ದರು. ಖಬರಸ್ತಾನಕ್ಕೆ ಹೋದಾಗ ಹಾಗೆ ಮಾಡಬೇಕೆಂದು ಅವರ ಅಬ್ಬಾ ಕಲಿಸಿದ್ದರಂತೆ.

"ಊರಲ್ಲಿ ಪಾರ್ಕೇ ಇಲ್ಲದಾಗ ಇದನ್ನ ತೋಟದ ಥರ ಮಾಡಿದ್ರು. ಮಿಲ್ಲಿನ ಹೊಗೆ ಸಾಕಾಗಿ ನಮ್ಮೂರೋರು ಬುತ್ತಿ ಕಟ್ಕೊಂಡು ಬರೋರು," ಎಂದು ನನಗೆ ಹೇಳುವಾಗ ಅವರ ಕೈ ಓಕ್ ಮರಗಳನ್ನು ಸ್ವಂತ ಹಿತ್ತಲಿನಂತೆ ತೋರಿಸುತ್ತಿತ್ತು. ಅಲ್ಲಿರುವ ಐರಿಷರು, ಇಟಾಲಿಯನ್ನರು ಎಲ್ಲರೂ ಅವರಿಗೆ "ನಮ್ಮೂರೋರು."

ಮೇಲಿನ ದಿಬ್ಬದಲ್ಲಿ ಮಿಲ್ ಮಾಲೀಕರ ಅಮೃತಶಿಲೆಯ ಗೋರಿಗಳಿದ್ದವು. ಕೆಳಗಿನ ಹುಲ್ಲಿನಡಿ ಮಗ್ಗದ ಕೂಲಿಗಳು, ತಲೆಯ ಬಳಿ ಒಂದು ಕಲ್ಲೂ ಇಲ್ಲದೆ. ಒಮ್ಮೆ ಸ್ಮಶಾನ ನೋಡಿಕೊಳ್ಳುವ ಸಮಿತಿಯ ಹಿರಿಯ ಅಮೆರಿಕನ್ ಒಬ್ಬರು, ಕೆಳಗಿನ ಆ ಹುಲ್ಲಿನವರೆಗೆ ಜನರನ್ನು ನಡೆಸಬೇಡಿ, ನೋಡಲು ಏನೂ ಇಲ್ಲ ಎಂದರು.

"ನಾನು ಗೇಟಲ್ಲಿ ಎಲ್ಲರಿಗೂ ಸಲಾಮು ಹೇಳಿ ಬಂದಿದ್ದೇನೆ," ಎಂದರು ಆಂಟಿ, ತಮ್ಮದೇ ಧಾಟಿಯ ಇಂಗ್ಲಿಷಿನಲ್ಲಿ. "ಅರ್ಧ ಜನರನ್ನು ಮಾತಾಡಿಸದೆ ಹೇಗೆ ವಾಪಸ್ ಹೋಗಲಿ?"

ಉತ್ತರಕ್ಕೆ ಕಾಯದೆ ಇಳಿಜಾರಿನಲ್ಲಿ ನಡೆದರು. ನಾವೆಲ್ಲ ಹಿಂದೆ ಹೋದೆವು. ಕೊನೆಯಲ್ಲಿ ಆ ಹಿರಿಯರೂ ಬಂದರು.

ಆಂಟಿ ತಮ್ಮ ಮಗಳ ಜೊತೆ ಡಲ್ಲಾಸಿಗೆ ಹೋದ ಮೇಲೆ ಟೂರ್ ಆ ಹಿರಿಯರ ಪಾಲಿಗೆ ಬಂತು. ಕಳೆದ ಭಾನುವಾರ ನಾನೂ ಹೋಗಿದ್ದೆ. ಅಮೃತಶಿಲೆಯನ್ನೆಲ್ಲ ತೋರಿಸಿಯಾದ ಮೇಲೆ ಅವರು ನಮ್ಮನ್ನು ಕೆಳಗಿಳಿಸಿದರು. ಟೋಪಿ ತೆಗೆದು, ಖಾಲಿ ಹುಲ್ಲಿನತ್ತ ತಿರುಗಿ, "ಗುಡ್ ಮಾರ್ನಿಂಗ್" ಎಂದರು.